6 ಅನ್ನು ಅರ್ಧದಿಂದ ಭಾಗಿಸಿದರೆ ಎಷ್ಟು? ಗಣಿತದ ಭಯದ ಬಗ್ಗೆ ಟಿಪ್ಪಣಿ

ಕೊಪ್ಪಳದಲ್ಲಿ ನನ್ನ ಜೊತೆ ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಓದುತ್ತಿರುವವರಲ್ಲಿ ಹೆಚ್ಚಿನವರು ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತದ ಸಹವಾಸ ಮುಗಿಯಿತು ಅಂದುಕೊಂಡಿದ್ದೆವು. ಈಗ ಅದನ್ನೇ ಮಕ್ಕಳಿಗೆ ಕಲಿಸಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಮೊದಲ ಪತ್ರಿಕೆಯಲ್ಲೂ 150 ಅಂಕಕ್ಕೆ 30 ಅಂಕ ಗಣಿತದ್ದೇ.

ಮೊನ್ನೆ ಗುಂಪಿನಲ್ಲಿ ಕೂತು ಓದುವಾಗ 6 ÷ ½ ಎಷ್ಟು ಅಂತ ಕೇಳಿಕೊಂಡೆವು. ಸುಮಾರು ಜನ 3 ಅಂದರು. ಕೆಲವರು ‘ತಿರುವಿ ಗುಣಿಸು’ ಸೂತ್ರ ಹಾಕಿ, ಅಂದರೆ ½ ಅನ್ನು ತಲೆಕೆಳಗು ಮಾಡಿ 2ರಿಂದ ಗುಣಿಸಿ, 12 ಅಂದರು. ಆದರೆ ಅವರಿಗೂ ಅನುಮಾನ: ಭಾಗಿಸಿದರೆ ಕಡಿಮೆ ಆಗಬೇಕಲ್ವಾ?

ಗಂಗಾವತಿಯ ಸೋನಾ ಮಸೂರಿ ಅಕ್ಕಿ 6 ಕೆ.ಜಿ. ಇದೆ ಅಂದುಕೊಳ್ಳಿ. 2 ಕೆ.ಜಿ. ಪೊಟ್ಟಣ ಕಟ್ಟಿದರೆ 3 ಪೊಟ್ಟಣ. 1 ಕೆ.ಜಿ. ಆದರೆ 6. ಅರ್ಧ ಕೆ.ಜಿ. ಆದರೆ 12. ಪೊಟ್ಟಣ ಚಿಕ್ಕದಾದಷ್ಟೂ ಎಣಿಕೆ ಏರುತ್ತದೆ. ನಮಗೆ ಚಿಕ್ಕಂದಿನಲ್ಲಿ ಭಾಗಾಕಾರ ಅಂದರೆ ಹಂಚುವುದು ಅಂತ ಮಾತ್ರ ಹೇಳಿದ್ದರು. ಆರು ಲಾಡು, ಇಬ್ಬರು ಮಕ್ಕಳು. ಅರ್ಧ ಮಗುವಿಗೆ ಹಂಚುವುದು ಹೇಗೆ? ಅದಕ್ಕೇ ತಲೆ ಕೆಡುತ್ತದೆ. ಭಾಗಾಕಾರಕ್ಕೆ ಅಳೆಯುವುದು ಅನ್ನುವ ಅರ್ಥವೂ ಇದೆ: ಇದರಲ್ಲಿ ಅದು ಎಷ್ಟು ಸಲ ಸಿಗುತ್ತದೆ?

ತಿರುವುವುದು ಯಾಕೆ ಅನ್ನುವುದೂ ಇಲ್ಲೇ ತಿಳಿಯುತ್ತದೆ. ಮುಕ್ಕಾಲು ಕೆ.ಜಿ. ಪೊಟ್ಟಣ ಮಾಡೋಣ. ಒಂದು ಕೆ.ಜಿ.ಯಲ್ಲಿ ಕಾಲು ಕೆ.ಜಿ.ಯ ಭಾಗ ನಾಲ್ಕು, 6 ಕೆ.ಜಿ.ಯಲ್ಲಿ 24. ಒಂದು ಪೊಟ್ಟಣಕ್ಕೆ ಅಂಥ ಮೂರು ಭಾಗ ಹೋಗುತ್ತದೆ, ಹಾಗಾಗಿ 8 ಪೊಟ್ಟಣ. ನಾಲ್ಕರಿಂದ ಗುಣಿಸಿದೆವು, ಮೂರರಿಂದ ಭಾಗಿಸಿದೆವು. ತಿರುವಿ ಗುಣಿಸುವುದು ಅಂದರೆ ಇಷ್ಟೇ. ಇದನ್ನು ದಯವಿಟ್ಟು ಒಮ್ಮೆ ಕೈಯಾರೆ ಅಳೆದು ನೋಡಿ.

ದಶಮಾಂಶದಲ್ಲೂ ಇಂಥದ್ದೇ ತೊಡಕು. 2.35 ಅನ್ನು ‘ಎರಡು ಪಾಯಿಂಟ್ ಮೂವತ್ತೈದು’ ಅಂತ ಓದಿದರೆ, ಐದಕ್ಕಿಂತ ಮೂವತ್ತೈದು ಜಾಸ್ತಿ, ಆದ್ದರಿಂದ 2.35ಕ್ಕಿಂತ 2.5 ಚಿಕ್ಕದು ಅಂತ ಮಗು ತಪ್ಪು ತಿಳಿಯುತ್ತದೆ. ‘ಎರಡು ಪಾಯಿಂಟ್ ಮೂರು ಐದು’ ಅಂತ ಓದಿ. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸು ಅನ್ನುವುದೂ ಪೂರ್ಣ ಸಂಖ್ಯೆಗೆ ಮಾತ್ರ ಸರಿ. 2.5ಕ್ಕೆ ಸೊನ್ನೆ ಸೇರಿಸಿದರೆ 2.50, ಅದು ಇದ್ದಲ್ಲೇ ಇರುತ್ತದೆ.

ಈಗ ಭಯದ ವಿಷಯ. ಏಳನೇ ತರಗತಿಯಲ್ಲಿ ಲೆಕ್ಕ ಬಾರದೆ ನಾನು ಪೀರಿಯಡ್ ಮುಗಿಯುವವರೆಗೂ ಬೋರ್ಡಿನ ಮುಂದೆ ನಿಂತಿದ್ದೆ. ಗೊತ್ತಿದ್ದ ಮಗ್ಗಿಯೂ ಆವತ್ತು ಮರೆತುಹೋಯಿತು. ನಾನು ದಡ್ಡಿ ಅಂತ ಬಹಳ ವರ್ಷ ನಂಬಿದ್ದೆ. ಲೆಕ್ಕ ಮಾಡುವಾಗ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ನೆನಪಿನ ಜಾಗ ತುಂಬಾ ಚಿಕ್ಕದು. ಆತಂಕ ಆ ಜಾಗವನ್ನೇ ತುಂಬಿಕೊಳ್ಳುತ್ತದೆ ಅಂತ ಮನಶ್ಶಾಸ್ತ್ರಜ್ಞ ಮಾರ್ಕ್ ಆಶ್‌ಕ್ರಾಫ್ಟ್ ಅವರ ಸಂಶೋಧನೆ ತೋರಿಸಿದೆ. ಅಂದರೆ ಭಯವಾದಾಗ ಮರೆತರೆ ಅದು ದಡ್ಡತನ ಅಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು 2010ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞೆ ಸಯಾನ್ ಬೈಲಾಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿದ ಅಧ್ಯಯನ. ಒಂದು, ಎರಡನೇ ತರಗತಿಯ ಶಿಕ್ಷಕಿಯರಿಗೆ ಗಣಿತದ ಆತಂಕ ಜಾಸ್ತಿ ಇದ್ದಷ್ಟೂ, ವರ್ಷದ ಕೊನೆಗೆ ಅವರ ತರಗತಿಯ ಹೆಣ್ಣುಮಕ್ಕಳಲ್ಲಿ ‘ಗಣಿತ ಹುಡುಗರಿಗೆ’ ಅನ್ನುವ ನಂಬಿಕೆ ಜಾಸ್ತಿಯಾಗಿತ್ತು. ಹಾಗೆ ನಂಬಿದವರ ಗಣಿತವೂ ಹಿಂದೆ ಬಿದ್ದಿತ್ತು. ವರ್ಷದ ಮೊದಲಲ್ಲಿ ಈ ಸಂಬಂಧ ಇರಲಿಲ್ಲ. ಹಾಗಾಗಿ ಗೆಳತಿಯರೇ, ‘ನನಗೂ ಲೆಕ್ಕ ಬರ್ತಿರಲಿಲ್ಲ ಬಿಡವ್ವ’ ಅಂತ ಮಗುವಿಗೆ ಸಮಾಧಾನ ಹೇಳುವ ಮುಂಚೆ ತಡೆಯಿರಿ.

ಗಣಿತ ಬಲ್ಲವರು ತಪ್ಪೇ ಮಾಡುವುದಿಲ್ಲ ಅನ್ನುವುದೂ ತಪ್ಪು ಕಲ್ಪನೆ. ಒಂಬತ್ತನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ನೃಪತುಂಗನ ಕಾಲದವರು. ನೃಪತುಂಗನ ರಾಜಧಾನಿ ಮಳಖೇಡ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಭಿನ್ನರಾಶಿಯನ್ನು ಅಷ್ಟು ಚೆನ್ನಾಗಿ ಬಿಡಿಸಿದ ಅವರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದಿದ್ದರು. ಅದು ಸರಿಯಲ್ಲ. ನಮ್ಮ ಅಕ್ಕಿಯನ್ನೇ ನೋಡಿ: ಸೊನ್ನೆ ಕೆ.ಜಿ. ಪೊಟ್ಟಣ ಎಷ್ಟು ಕಟ್ಟಿದರೂ ಚೀಲ ಖಾಲಿ ಆಗುವುದೇ ಇಲ್ಲ. ಅದಕ್ಕೇ ಆ ಲೆಕ್ಕಕ್ಕೆ ಉತ್ತರವೇ ಇಲ್ಲ.

ಮುಂದಿನ ವಾರ ನನ್ನ ಪ್ರಾಯೋಗಿಕ ಪಾಠ ಭಿನ್ನರಾಶಿ. ತಕ್ಕಡಿ, ಅಕ್ಕಿ ತಗೊಂಡು ಹೋಗುತ್ತೇನೆ. ಮಕ್ಕಳು ಹೇಳಿದ ಉತ್ತರಗಳೆಲ್ಲ ಬೋರ್ಡಿನ ಮೇಲೆ ಇರಲಿ, 3 ಕೂಡ. ಅಳೆದ ಮೇಲೆ ಯಾವುದನ್ನು ಅಳಿಸಬೇಕು ಅಂತ ಅವರೇ ಹೇಳಲಿ.