‘ಆವಾಜ್ ಬರಾಕತ್ತೈತಿ, ಚಿತ್ರ ಬರವಲ್ದು’: ಮನೆಯ ವಿಡಿಯೋ ಫೈಲುಗಳ ತಕರಾರು ಎಲ್ಲಿಂದ ಬಂತು

ಲಗ್ನ, ಕುಬಸ, ತೊಟ್ಟಿಲು. ಹುಬ್ಬಳ್ಳಿ–ಧಾರವಾಡ, ಗದಗ ಕಡೆಯ ಮನೆಗಳಲ್ಲಿ ಯಾವ ಕಾರ್ಯ ಮುಗಿದರೂ ವಾರದೊಳಗೆ ಕಂಪ್ಯೂಟರ್ ಬಲ್ಲವರ ಮುಂದೆ ನಾಲ್ಕೈದು ಪೆನ್‌ಡ್ರೈವ್ ಬಂದು ಬೀಳುತ್ತವೆ. ಒಂದು ಕ್ಯಾಮೆರಾದವರದು. ಒಂದು ಕಾಕಾನ ಮೊಬೈಲಿನದು. ಇನ್ನೊಂದರಲ್ಲಿ ಬೆಂಗಳೂರಿನಿಂದ ಬಂದ ತಂಗಿಯ ಐಫೋನಿನ ಫೈಲುಗಳು. ಎಲ್ಲವನ್ನೂ ಸೇರಿಸಿ ಅರ್ಧ ಗಂಟೆಯ ಒಂದು ಚಂದದ ವಿಡಿಯೋ ಮಾಡಿಕೊಡು ಅಂತ ಕೇಳುತ್ತಾರೆ, ಅಷ್ಟೇ.

ಈ ಫೈಲುಗಳೆಲ್ಲ ವಿಎಲ್‌ಸಿ ಪ್ಲೇಯರಿನಲ್ಲಿ ಸರಿಯಾಗಿಯೇ ಓಡುತ್ತವೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ತಕರಾರು ಶುರು. ಒಂದು ಫೈಲು ತೆರೆಯುವುದೇ ಇಲ್ಲ. ಇನ್ನೊಂದರಲ್ಲಿ ಆವಾಜ್ ಮಾತ್ರ ಕೇಳುತ್ತದೆ, ಪರದೆ ಕಪ್ಪು. ಮತ್ತೊಂದರಲ್ಲಿ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ‘ನಿನ್ನ ಕಂಪ್ಯೂಟರ್ ಹಳೇದಾತು, ಹೊಸಾದು ತಗೋ’ ಅನ್ನುವ ಸಲಹೆಯೂ ಬರುತ್ತದೆ. ಆ ಸಲಹೆ ಕೇಳಿ ಸಾಲ ಮಾಡಿ ಲ್ಯಾಪ್‌ಟಾಪ್ ತಂದವರನ್ನು ನಾನು ನೋಡಿದ್ದೇನೆ. ತಕರಾರು ಹಾಗೇ ಉಳಿದಿತ್ತು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಫೈಲಿನ ಹೆಸರಿನ ಕೊನೆಗೆ ಇರುವ ಎಂಪಿ4, ಎಂಒವಿ, ಎವಿಐ ಅನ್ನುವವು ಬರೀ ಡಬ್ಬಿಯ ಹೆಸರು. ಬುತ್ತಿ ಕಟ್ಟಿದ ಕ್ಯಾರಿಯರ್ ನೆನಪಿಸಿಕೊಳ್ಳಿ. ಒಂದು ಪಾತ್ರೆಯಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ. ಹೊರಗಿನಿಂದ ನೋಡಿದರೆ ಎಲ್ಲ ಕ್ಯಾರಿಯರೂ ಒಂದೇ ಥರ ಸ್ಟೀಲು. ಒಳಗೆ ಜೋಳದ ರೊಟ್ಟಿ ಇದೆಯೋ ಚಿತ್ರಾನ್ನ ಇದೆಯೋ ಮುಚ್ಚಳ ತೆಗೆದ ಮೇಲೇ ಗೊತ್ತಾಗುವುದು. ಆ ಒಳಗಿನ ಅಡುಗೆಗೆ ಕೋಡೆಕ್ ಅನ್ನುತ್ತಾರೆ. ಎರಡು ಎಂಪಿ4 ಫೈಲುಗಳಲ್ಲಿ ಒಂದು ತೆರೆದು ಇನ್ನೊಂದು ತೆರೆಯದಿದ್ದರೆ, ಬೇರೆ ಇರುವುದು ಒಳಗಿನ ಅಡುಗೆ. ವಿಎಲ್‌ಸಿ ಎಲ್ಲವನ್ನೂ ಓಡಿಸುತ್ತದೆ, ಯಾಕೆಂದರೆ ಕೋಡೆಕ್‌ಗಳನ್ನು ಅದು ತನ್ನೊಳಗೇ ಇಟ್ಟುಕೊಂಡಿದೆ. ಎಡಿಟಿಂಗ್ ಸಾಫ್ಟ್‌ವೇರುಗಳಲ್ಲಿ ಹಲವು ಈ ಕೆಲಸಕ್ಕೆ ವಿಂಡೋಸ್ ಮೇಲೆ, ಗ್ರಾಫಿಕ್ಸ್ ಚಿಪ್ ಮೇಲೆ, ಕೊಂಡ ಲೈಸೆನ್ಸ್ ಮೇಲೆ ಆತುಕೊಂಡಿರುತ್ತವೆ. ಸುಮ್ನೆ ಓಡಿಸುವುದಕ್ಕೂ ಕತ್ತರಿಸಿ ಜೋಡಿಸುವುದಕ್ಕೂ ವ್ಯತ್ಯಾಸ ಬಹಳ ಇದೆ.

ವಿಎಚ್‌ಎಸ್ ಕ್ಯಾಸೆಟ್ ಕಾಲದಲ್ಲಿ ಈ ಗೋಳು ಇರಲಿಲ್ಲ, ಯಾಕೆಂದರೆ ಫೈಲೇ ಇರಲಿಲ್ಲ. 1990ರ ದಶಕದ ನಡುವೆ ಮಿನಿ ಡಿವಿ ಟೇಪು ಬಂತು. ಅದರಲ್ಲಿ ಪ್ರತಿ ಫ್ರೇಮೂ, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರವೂ, ತಾನಾಗಿ ಪೂರ್ತಿ ಇರುತ್ತಿತ್ತು. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗ. ಆಗಿನ 40 ಜಿಬಿ ಹಾರ್ಡ್‌ಡಿಸ್ಕಿನಲ್ಲಿ ಮೂರು ಟೇಪು ಇಳಿಸಿದರೆ ಡಿಸ್ಕ್ ತುಂಬಿತು. ಜಾಗ ಜಾಸ್ತಿ ತಿನ್ನುತ್ತಿತ್ತು ನಿಜ. ಆದರೆ ಎಲ್ಲಿ ಕತ್ತರಿ ಹಾಕಿದರೂ ಅಲ್ಲಿಗೇ ಕತ್ತರಿಸುತ್ತಿತ್ತು.

ಆಮೇಲೆ ಬಂದದ್ದೆಲ್ಲ ಜಾಗ ಉಳಿಸುವ ಆಟ. ವಿಸಿಡಿಯಲ್ಲಿ ಡಿಎಟಿ ಫೈಲು. ಡಿವಿಡಿಯಲ್ಲಿ ಒಂದೊಂದು ಜಿಬಿಗೆ ತುಂಡಾದ ವಿಒಬಿ ಫೈಲುಗಳು. ಡಿವ್‌ಎಕ್ಸ್, ಎಕ್ಸ್‌ವಿಡ್ ಅನ್ನುವ ಕೋಡೆಕ್‌ಗಳು, ಅವುಗಳ ಹಿಂದೆ ಹಲವು ಕೋಡೆಕ್ ಒಟ್ಟಿಗೆ ಕಟ್ಟಿದ ಕೋಡೆಕ್ ಪ್ಯಾಕ್‌ಗಳು. ಒಂದು ಪ್ಯಾಕ್ ಹಾಕಿದರೆ ಒಂದು ಫೈಲು ತೆರೆಯುತ್ತಿತ್ತು, ಅಲ್ಲೀತನಕ ಸರಿ ಇದ್ದ ಇನ್ನೊಂದು ಸಾಫ್ಟ್‌ವೇರ್ ಕೆಡುತ್ತಿತ್ತು. 2003ರಲ್ಲಿ ಎಚ್.264 ಅನ್ನುವ ಕೋಡೆಕ್ ಬಂತು. 2006ರಲ್ಲಿ ಅದೇ ಅಡುಗೆಯನ್ನು ಕ್ಯಾಮ್‌ಕಾರ್ಡರಿಗೆ ತಂದ ಎವಿಸಿಎಚ್‌ಡಿ ಬಂತು. ಅದರ ಎಂಟಿಎಸ್ ಫೈಲುಗಳು ನಮ್ಮ ಮನೆಗಳಿಗೆ ಬಂದದ್ದು ಹೀಗೆ.

ಈ ಉಳಿತಾಯ ಆಗುವುದು ಹೇಗೆ ಅಂತ ತಿಳಿದರೆ ಅರ್ಧ ತಕರಾರು ತಿಳಿದಂತೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮೊದಲ ಸಾಲು ಪೂರ್ತಿ ಬರೆದಿರುತ್ತಾರೆ. ಕೆಳಗಿನ ಸಾಲುಗಳಲ್ಲಿ ‘ಮೇಲಿನಂತೆ’ ಅಂತ ಎರಡು ಗೀಟು. ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಎಚ್.264 ಮಾಡುವುದೂ ಅದನ್ನೇ. ಎಷ್ಟೋ ಫ್ರೇಮಿಗೆ ಒಂದು ಪೂರ್ತಿ ಚಿತ್ರ, ಉಳಿದವು ‘ಮೇಲಿನಂತೆ, ಇಷ್ಟು ಬಿಟ್ಟು’. ಒಂದೇ ಸಮನೆ ಓಡಿಸುವಾಗ ತೊಂದರೆ ಇಲ್ಲ. ನಡುವಿನ ಒಂದು ಫ್ರೇಮಿಗೆ ಹೋಗಿ ನಿಲ್ಲಬೇಕೆಂದರೆ ಕಂಪ್ಯೂಟರು ಹಿಂದಿನ ಪೂರ್ತಿ ಸಾಲಿಗೆ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಎಡಿಟಿಂಗಿನಲ್ಲಿ ತುಂಡುಗಳನ್ನು ಜೋಡಿಸುವ ಪಟ್ಟಿ, ಅಂದರೆ ಟೈಮ್‌ಲೈನ್ ಮೇಲೆ ಬೆರಳಾಡಿಸಿದಾಗ ಚಿತ್ರ ಜಗ್ಗಿ ಜಗ್ಗಿ ಬರುವುದು ಇದಕ್ಕೇ.

ಎವಿಸಿಎಚ್‌ಡಿಯಲ್ಲಿ ಇನ್ನೊಂದು ಗುಟ್ಟಿತ್ತು. ಮೆಮೊರಿ ಕಾರ್ಡಿನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಹೀಗಾಗಿ ಉದ್ದನೆಯ ರೆಕಾರ್ಡಿಂಗನ್ನು ಕ್ಯಾಮೆರಾ ತಾನೇ ತುಂಡು ಮಾಡುತ್ತಿತ್ತು. ಜನ ಫೋಲ್ಡರಿನ ಒಳಗಿನ ಎಂಟಿಎಸ್ ತುಂಡುಗಳನ್ನಷ್ಟೇ ಕಾಪಿ ಮಾಡಿ ಕಾರ್ಡ್ ಅಳಿಸಿಬಿಡುತ್ತಿದ್ದರು. ತುಂಡುಗಳನ್ನು ಸರಿಯಾಗಿ ಬೆಸೆಯುವ ಮಾಹಿತಿ ಪಕ್ಕದ ಸಣ್ಣ ಫೈಲುಗಳಲ್ಲಿ ಇರುತ್ತಿತ್ತು, ಅದು ಕಾರ್ಡಿನ ಜೊತೆಗೇ ಹೋಯಿತು. ಬೆಸುಗೆಯ ಜಾಗದಲ್ಲಿ ಹಾಡು ಒಂದು ಕ್ಷಣ ತುಂಡಾಗುತ್ತಿತ್ತು. ಇಂಥ ಕಡೆ ತಪ್ಪು ಯಾರದು ಅಂತ ಹುಡುಕುವುದು ಕಷ್ಟ. ಇಡೀ ಫೋಲ್ಡರ್ ಕಾಪಿ ಮಾಡಿ ಅಂತ ಮನೆಯವರಿಗೆ ಯಾರೂ ಹೇಳಿರಲಿಲ್ಲ, ಅದಂತೂ ಖರೆ.

ಈಗ ಮೊಬೈಲಿನ ಕಾಲ. ನಾನು ಹತ್ತಿರದಿಂದ ಪೆಟ್ಟು ತಿಂದದ್ದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಗದಗ–ಬೆಟಗೇರಿಯಲ್ಲಿ ನಮ್ಮ ಅಕ್ಕನ ಕುಬಸ. ನಡುಮನೆಯಲ್ಲಿ ಹಿರಿಯ ಹೆಣ್ಣುಮಕ್ಕಳು ಸೋಬಾನೆ ಹಾಡುತ್ತಿದ್ದರು. ಒಬ್ಬರು ಮೊಬೈಲನ್ನು ಕಪಾಟಿನ ಮೇಲೆ ಒರಗಿಸಿ 52 ನಿಮಿಷ ಬಿಡದೆ ರೆಕಾರ್ಡ್ ಮಾಡಿದ್ದರು. ನಡುವೆ ಕರೆಂಟ್ ಹೋಯಿತು, ಚಾರ್ಜರ್ ಲೈಟಿನಲ್ಲೇ ಹಾಡು ಮುಂದುವರಿಯಿತು. ಮನೆಗೆ ಬಂದು ಟೈಮ್‌ಲೈನ್ ಮೇಲೆ ಹಾಕಿದೆ. ಮೊದಲ ಹಾಡು ಸರಿ ಇತ್ತು. ಕತ್ತಲಾದ ಮೇಲಿನ ಹಾಡಿನಲ್ಲಿ ಅಜ್ಜಿಯ ತುಟಿ ಒಂದು ಕಡೆ, ದನಿ ಒಂದು ಕಡೆ. ಕೊನೆಗೆ ಬರುವಷ್ಟರಲ್ಲಿ ಸುಮಾರು 2 ಸೆಕೆಂಡ್ ವ್ಯತ್ಯಾಸ. ಮೂರು ಸಂಜೆ ಕೂತು ಧ್ವನಿಯನ್ನು ತುಂಡು ತುಂಡು ಮಾಡಿ ಸರಿಸಿದೆ. ಒಂದು ಕಡೆ ಕೂಡಿಸಿದರೆ ಮುಂದಿನ ಕಡೆ ಬಿಡುತ್ತಿತ್ತು.

ಕಡೆಗೆ ಮೀಡಿಯಾಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಆ ಫೈಲನ್ನು ತೆರೆದೆ. ‘ಫ್ರೇಮ್ ರೇಟ್ ಮೋಡ್’ ಅನ್ನುವ ಸಾಲಿನ ಮುಂದೆ ‘ವೇರಿಯಬಲ್’ ಅಂತ ಇತ್ತು. ಅದರ ಕೆಳಗೆ ಕನಿಷ್ಠ 15, ಗರಿಷ್ಠ 30. ರೋಗ ಅಲ್ಲಿ ಸಿಕ್ಕಿತು.

ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿಕೊಂಡರೂ ಆ ಲೆಕ್ಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಬೆಳಕು ಕಡಿಮೆಯಾದರೆ ಒಂದೊಂದು ಫ್ರೇಮಿಗೆ ಹೆಚ್ಚು ಹೊತ್ತು ಬೆಳಕು ತುಂಬಿಕೊಳ್ಳಬೇಕು, ಫ್ರೇಮುಗಳ ಸಂಖ್ಯೆ ಇಳಿಯುತ್ತದೆ. ಫೋನ್ ಬಿಸಿಯಾದರೂ ಇಳಿಯಬಹುದು. ಧ್ವನಿಗೆ ಈ ಕಷ್ಟ ಇಲ್ಲ. ಅದು ಸೆಕೆಂಡಿಗೆ 48,000 ಸಲ ಅಳೆದುಕೊಂಡು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಯಾವ ಫ್ರೇಮು ಎಷ್ಟು ಹೊತ್ತಿಗೆ ಬರಬೇಕು ಅನ್ನುವುದನ್ನು ಫೋನು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಪ್ಲೇಯರು ಅದನ್ನು ಓದಿ ಹಾಗೇ ತೋರಿಸುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳು ಎಲ್ಲ ಫ್ರೇಮೂ ಸಮಾನ ಅಂತರದಲ್ಲಿವೆ ಅಂತಲೇ ಎಣಿಸುತ್ತವೆ. ಅಲ್ಲಿಗೆ ತುಟಿ ಮತ್ತು ದನಿ ಬೇರೆಯಾಗುತ್ತವೆ. ಸಣ್ಣ ವ್ಯತ್ಯಾಸವೂ ಸಾಕು. 29.97 ಫ್ರೇಮಿನ ಫೈಲನ್ನು 30 ಅಂತ ಓದಿದರೆ ಒಂದು ಗಂಟೆಯ ಕೊನೆಗೆ 3.6 ಸೆಕೆಂಡ್ ತಪ್ಪುತ್ತದೆ.

ಹ್ಯಾಂಡ್‌ಬ್ರೇಕ್ ಅನ್ನುವ, ವಿಡಿಯೋ ಕನ್ವರ್ಟ್ ಮಾಡುವ ಸಾಫ್ಟ್‌ವೇರಿನಲ್ಲಿ ಆ ಫೈಲನ್ನು ಹಾಕಿ, ವಿಡಿಯೋ ವಿಭಾಗದಲ್ಲಿ 30 ಆರಿಸಿ, ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಒತ್ತಿ ರಾತ್ರಿ ಬಿಟ್ಟು ಮಲಗಿದೆ. ಬೆಳಗ್ಗೆ ಹೊಸ ಫೈಲಿನಲ್ಲಿ ಕೊನೆಯ ಹಾಡಿನ ಕೊನೆಯ ಸಾಲಿನ ತನಕ ದನಿ ತುಟಿಗೆ ಕೂಡಿತ್ತು. ಶಾಟ್‌ಕಟ್‌ನಂಥ ಸಾಫ್ಟ್‌ವೇರು ಈಗ ಇಂಥ ಫೈಲು ಕಂಡರೆ ತಾನೇ ‘ಬದಲಿಸಲೇ?’ ಅಂತ ಕೇಳುತ್ತದೆ. ಅದೊಂದು ಸಾಲಿನ ಪ್ರಶ್ನೆ ಮೊದಲೇ ಎಲ್ಲ ಕಡೆ ಇದ್ದಿದ್ದರೆ ಎಷ್ಟು ಮನೆಗಳ ಎಷ್ಟು ಸಂಜೆ ಉಳಿಯುತ್ತಿತ್ತು, ಅಲ್ವಾ?

ಇದರ ಜೊತೆಗೆ 25 ಮತ್ತು 30ರ ಜಗಳ. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮ್. ಲಗ್ನದ ಕ್ಯಾಮೆರಾದವರು ಈಗಲೂ 25ರಲ್ಲೋ 50ರಲ್ಲೋ ತೆಗೆಯುವುದುಂಟು. ಅದಕ್ಕೆ ಕಾರಣವೂ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹೀಗಾಗಿ ಶಾಮಿಯಾನದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಲೆಕ್ಕಕ್ಕೆ ಹೊಂದದ ಶಟರ್ ವೇಗ ಇಟ್ಟರೆ ಚಿತ್ರದಲ್ಲಿ ಪಟ್ಟಿ ಓಡಾಡುತ್ತವೆ. ಮೊಬೈಲಿನ 30ನ್ನು ಇದರ ಪಕ್ಕದಲ್ಲಿಟ್ಟರೆ ಅಕ್ಷತೆ ಬೀಳುವುದು ಜಿಗಿದು ಜಿಗಿದು ಕಾಣುತ್ತದೆ. ಯಾವ ಫೈಲು ಜಾಸ್ತಿ ಇದೆಯೋ ಅದರ ಲೆಕ್ಕಕ್ಕೆ ಟೈಮ್‌ಲೈನ್ ಇಟ್ಟುಕೊಳ್ಳುವುದು ವಾಸಿ.

ಐಫೋನಿನ ಕಥೆ ಬೇರೆ. 2013ರಲ್ಲಿ ಎಚ್.265, ಅಂದರೆ ಎಚ್‌ಇವಿಸಿ, ಬಂತು. ಎಚ್.264ಕ್ಕೆ ಬೇಕಾದ ಜಾಗದ ಸುಮಾರು ಅರ್ಧದಲ್ಲಿ ಅಷ್ಟೇ ಚಂದದ ಚಿತ್ರ ಕೊಡುವುದು ಅದರ ಗುರಿ. 2017ರಲ್ಲಿ ಐಒಎಸ್ 11ರ ಜೊತೆ ಹೊಸ ಐಫೋನುಗಳಲ್ಲಿ ಅದೇ ರೂಢಿಯಾಯಿತು. ಆದರೆ ಈ ತಂತ್ರದ ಪೇಟೆಂಟುಗಳು ಹಲವರ ಕೈಯಲ್ಲಿವೆ, ಒಂದಕ್ಕಿಂತ ಹೆಚ್ಚು ಕೂಟಗಳು ಶುಲ್ಕ ಕೇಳುತ್ತವೆ. ವಿಂಡೋಸ್ 10ರಲ್ಲಿ ಇದನ್ನು ತೆರೆಯುವ ತುಣುಕನ್ನು ಸ್ಟೋರಿನಲ್ಲಿ ಬೇರೆಯಾಗಿ, ಸಣ್ಣ ಬೆಲೆಗೆ ಮಾರಿದರು. ‘ಆವಾಜ್ ಬರಾಕತ್ತೈತಿ, ಚಿತ್ರ ಬರವಲ್ದು’ ಅನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಆ ತುಣುಕಿನ ಕೊರತೆ. ಹಳೆಯ ಪ್ರೊಸೆಸರುಗಳಿಗೆ ಇದನ್ನು ಬಿಡಿಸುವ ಚಿಪ್ ಸಹಾಯವೂ ಇಲ್ಲ. ಇಂಟೆಲ್‌ನಲ್ಲಿ ಬಣ್ಣವನ್ನು 8 ಬಿಟ್‌ನಲ್ಲಿ ಬರೆಯುವ ಎಚ್‌ಇವಿಸಿಗೆ ಪೂರ್ತಿ ಸಹಾಯ ಸಿಕ್ಕಿದ್ದು 6ನೇ ಪೀಳಿಗೆಯಲ್ಲಿ, ಇನ್ನೂ ಸೂಕ್ಷ್ಮ ಬಣ್ಣದ 10 ಬಿಟ್‌ಗೆ 7ನೇ ಪೀಳಿಗೆಯಲ್ಲಿ. 2020ರ ಐಫೋನ್ 12ರಿಂದ ಎಚ್‌ಡಿಆರ್, ಅಂದರೆ ಬೆಳಕು–ಬಣ್ಣದ ಹೆಚ್ಚಿನ ವ್ಯಾಪ್ತಿ ಹಿಡಿಯುವ ರೆಕಾರ್ಡಿಂಗ್ ಕೂಡ ಶುರುವಾಯಿತು. ಸಾಮಾನ್ಯ ಟೈಮ್‌ಲೈನ್ ಮೇಲೆ ಅದನ್ನು ಹಾಕಿದರೆ ಇಳಕಲ್ ಸೀರೆಯ ಕೆಂಪು ಸೆರಗು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಜಾಗದ ಉಳಿತಾಯ ಫೋನಿನಲ್ಲಿ ಆಗುತ್ತದೆ, ಅದರ ಖರ್ಚು ಮನೆಯ ಕಂಪ್ಯೂಟರಿನ ಮೇಲೆ ಬೀಳುತ್ತದೆ.

ಕಾರ್ಯಕ್ಕೆ ಮೊದಲೇ ಹೇಳುವ ಅವಕಾಶ ಇದ್ದರೆ ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಲು ಹೇಳಿ. ಎಚ್‌ಡಿಆರ್ ಆಫ್ ಮಾಡಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದೇ ಆದರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲದಿದ್ದರೆ ಅದು ವಿಡಿಯೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ಫೈಲು ಕೈಗೆ ಬಂದ ಮೇಲೆ ಮೊದಲ ಕೆಲಸ ಮೀಡಿಯಾಇನ್ಫೋದಲ್ಲಿ ಮುಚ್ಚಳ ತೆಗೆದು ನೋಡುವುದು. ಹೆಸರಿನ ಕೊನೆಯ ಮೂರಕ್ಷರ ಬದಲಿಸಿ ಉಪಯೋಗ ಇಲ್ಲ, ಒಳಗಿನ ಅಡುಗೆ ಬದಲಾಗುವುದಿಲ್ಲ. ಡಬ್ಬಿಯ ತಕರಾರು ಮಾತ್ರ ಆಗಿದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರಿನ ಕಾಪಿ ವಿಧಾನದಲ್ಲಿ ಡಬ್ಬಿಯಷ್ಟೇ ಬದಲಾಗುತ್ತದೆ. ಕೆಲವೇ ನಿಮಿಷದ ಕೆಲಸ, ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಟೈಮ್‌ಲೈನ್ ಜಗ್ಗುತ್ತಿದ್ದರೆ ಪ್ರಾಕ್ಸಿ ಮಾಡಿಕೊಳ್ಳಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡರಲ್ಲೂ ಆ ಸೌಲಭ್ಯ ಇದೆ. ಸಣ್ಣ ನಕಲಿನ ಮೇಲೆ ಕತ್ತರಿಸುತ್ತೀರಿ, ಕೊನೆಗೆ ಪೂರ್ತಿ ವಿಡಿಯೋ ತಯಾರಾಗುವುದು, ಅಂದರೆ ರೆಂಡರ್ ಆಗುವುದು, ಮೂಲದಿಂದ. ಪ್ರೋರೆಸ್‌ನಂಥ ದೊಡ್ಡ ಅಡುಗೆಗೆ ಬದಲಿಸಿದರೆ ಎಡಿಟಿಂಗ್ ಬೆಣ್ಣೆಯಂತೆ ಸಾಗುತ್ತದೆ. ಆದರೆ ಪ್ರೋರೆಸ್ 422ರಲ್ಲಿ 25 ಫ್ರೇಮಿನ ಫುಲ್ ಎಚ್‌ಡಿ ಒಂದು ಗಂಟೆಗೆ ಸುಮಾರು 55 ಜಿಬಿ ಬೇಡುತ್ತದೆ.

ಯಾವ ದಾರಿ ಹಿಡಿದರೂ ಮೂಲ ಫೈಲನ್ನು ಅಳಿಸಬೇಡಿ. ಕನ್ವರ್ಟ್ ಮಾಡಿದ್ದು ಚೆನ್ನಾಗಿದೆ ಅಂತ ಮೂಲ ಅಳಿಸಿ, ಮೂರು ವರ್ಷದ ಮೇಲೆ ಆ ನಕಲಿನಲ್ಲಿ ಧ್ವನಿ ಒಂದೇ ಕಿವಿಗೆ ಬರುತ್ತಿದೆ ಅಂತ ತಿಳಿದಾಗ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ತೊಟ್ಟಿಲ ಕಾರ್ಯ ಹಾಗೆ ಹೋಗಿದೆ. ಅದರಲ್ಲಿದ್ದ ಮುತ್ಯಾ ಈಗ ಇಲ್ಲ.

ಧಾರವಾಡದ ಮನೆಯ ಟ್ರಂಕಿನಲ್ಲಿ 11 ಮಿನಿ ಡಿವಿ ಟೇಪುಗಳಿವೆ. ಅವನ್ನು ಓದುವ ಕ್ಯಾಮೆರಾ ಇನ್ನೂ ತಿರುಗುತ್ತದೆ, ಆದರೆ ಅದರಿಂದ ಕಂಪ್ಯೂಟರಿಗೆ ವಿಡಿಯೋ ಇಳಿಸುವ ಫೈರ್‌ವೈರ್ ತಂತಿಗೆ ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಬಾಯಿಲ್ಲ. ಗೆಳೆಯನೊಬ್ಬನ ಅಟ್ಟದಿಂದ ಹಳೆಯ ಡೆಸ್ಕ್‌ಟಾಪ್ ಇಳಿಸಿ, ಧೂಳು ಒರೆಸಿ, ಫೈರ್‌ವೈರ್ ಕಾರ್ಡ್ ಸಿಕ್ಕಿಸಿದ್ದೇವೆ. ಟೇಪು ಓಡಿದಷ್ಟೇ ಹೊತ್ತು ಇಳಿಸಲು ಬೇಕು, ಅವಸರ ಮಾಡುವ ದಾರಿ ಇಲ್ಲ. ರವಿವಾರಕ್ಕೊಂದರಂತೆ ಐದು ಮುಗಿದಿವೆ. ಆರನೆಯದರ ಚೀಟಿಯ ಮೇಲೆ ಅವ್ವನ ಅಕ್ಷರದಲ್ಲಿ ‘ಲಗ್ನ, ಅರಿಷಿಣ ಹಚ್ಚೂದು’ ಅಂತ ಇದೆ.