ಕಡಿಮೆ ಬೆಲೆಯ ಕಾರ್ಟ್ರಿಜ್ ಆರಿಸಿ ಕೂರಿಸುವುದು: ಕೊನೆಯ ಹಾಡಿನವರೆಗೂ ಚೆನ್ನಾಗಿ ಕೇಳಿಸಲು

ಕಾರ್ಟ್ರಿಜ್ ಅಂದರೆ ಟರ್ನ್‌ಟೇಬಲ್‌ನ ಆರ್ಮ್ (ಉದ್ದನೆಯ ತೋಳು) ತುದಿಯಲ್ಲಿ ಸೂಜಿ ಹೊತ್ತು ಕೂರುವ ಪುಟ್ಟ ಡಬ್ಬಿ. ರೆಕಾರ್ಡಿನ ಮೊದಲ ಹಾಡು ಹೆಚ್ಚುಕಡಿಮೆ ಯಾವ ಕಾರ್ಟ್ರಿಜ್‌ನಲ್ಲೂ ಚೆನ್ನಾಗಿ ಕೇಳಿಸುತ್ತದೆ. ಕಷ್ಟ ಶುರುವಾಗುವುದು ಆ ಬದಿಯ ಕೊನೆಯ ಹಾಡಿನಲ್ಲಿ. ಸೂಜಿ ಲೇಬಲ್ ಹತ್ತಿರ ಬರುತ್ತಿದ್ದ ಹಾಗೆ ಹಾಡುವವರ 'ಸ', 'ಶ' ಅಕ್ಷರಗಳು ಬಟ್ಟೆ ಹರಿದ ಹಾಗೆ ಕೇಳಿಸತೊಡಗುತ್ತವೆ. ರೆಕಾರ್ಡೇ ಹಾಳಾಗಿದೆ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಅದೇ ಕಾರ್ಟ್ರಿಜ್ ಬಿಚ್ಚಿ ಸರಿಯಾಗಿ ಕೂರಿಸಿದಾಗ ಅದೇ ಹಾಡು ಹೂವಿನ ಹಾಗೆ ಬಂತು. ಹಾಗಾಗಿ ಈ ಟಿಪ್ಪಣಿಯನ್ನು ಆ ಕೊನೆಯ ಹಾಡನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು ಅನ್ನುವ ಎರಡೂ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಕೊನೆಯ ಹಾಡು ಯಾಕೆ ಕಷ್ಟ?

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಶುರುವಿನಲ್ಲೂ ಅಷ್ಟೇ, ಕೊನೆಯಲ್ಲೂ ಅಷ್ಟೇ. ಆದರೆ ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ. ಹೊರ ಅಂಚಿನಲ್ಲಿ, ಅಂದರೆ ನಡುವಿನಿಂದ 146 ಮಿ.ಮೀ. ದೂರದಲ್ಲಿ, ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗ್ರೂವ್, ಅಂದರೆ ಹಾಡು ಕೆತ್ತಿರುವ ಸಣ್ಣ ಕಾಲುವೆ, ಓಡುತ್ತದೆ. ಲೇಬಲ್ ಹತ್ತಿರ, 60 ಮಿ.ಮೀ. ದೂರದಲ್ಲಿ, ಬರೀ 21 ಸೆಂ.ಮೀ. ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ.

ಇದನ್ನೇ 10,000 ಹರ್ಟ್ಜ್‌ನ ಒಂದು ಸ್ವರಕ್ಕೆ ಲೆಕ್ಕ ಹಾಕಿ ನೋಡೋಣ. ಹೊರಗೆ ಅದರ ಒಂದು ಅಲೆಯ ಉದ್ದ 51 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಒಳಗೆ 21 ಮೈಕ್ರಾನ್. ಅಂದರೆ ಅಲೆಯ ಒಂದು ಉಬ್ಬಿಗೆ ಸಿಗುವ ಜಾಗ 10 ಮೈಕ್ರಾನ್ ಚಿಲ್ಲರೆ ಮಾತ್ರ. ಈಗ ಸ್ಟೈಲಸ್, ಅಂದರೆ ಸೂಜಿಯ, ತುದಿ ನೋಡಿ. ಸಾದಾ ಕೋನಿಕಲ್, ಅಂದರೆ ದುಂಡನೆಯ, ತುದಿಯ ತ್ರಿಜ್ಯ 0.6 ಮಿಲ್, ಅಂದರೆ ಸುಮಾರು 15 ಮೈಕ್ರಾನ್. ದಪ್ಪ ಬೆರಳನ್ನು ಸಣ್ಣ ಸಂದಿಗೆ ತೂರಿಸಿದ ಹಾಗೆ, ಅದು ಆ ತಿರುವಿನ ಒಳಗೆ ಇಳಿಯುವುದಿಲ್ಲ, ಮೇಲೆ ಮೇಲೆ ಸವರಿಕೊಂಡು ಹೋಗುತ್ತದೆ. ಎಲಿಪ್ಟಿಕಲ್ ತುದಿಯ ಅಳತೆ ಸಾಮಾನ್ಯವಾಗಿ 0.3 × 0.7 ಮಿಲ್. ಗೋಡೆ ಮುಟ್ಟುವ ಅಂಚಿನ ತ್ರಿಜ್ಯ 8 ಮೈಕ್ರಾನ್ ಇರುವುದರಿಂದ ಅದು ತಿರುವನ್ನು ಚೆನ್ನಾಗಿ ಹಿಡಿಯುತ್ತದೆ. ಮೈಕ್ರೋಲೀನಿಯರ್, ಶಿಬಾಟಾ ತುದಿಗಳು ಇನ್ನೂ ಚೂಪು.

ನನಗೆ ಈ ಒಂದು ಲೆಕ್ಕ ಅರ್ಥವಾದ ಮೇಲೆ ಕಾರ್ಟ್ರಿಜ್ ಕೊಳ್ಳುವ ಗೊಂದಲ ಮುಕ್ಕಾಲು ಪಾಲು ಹೋಯಿತು. ಹೆಸರು, ಬಣ್ಣ, ಪೆಟ್ಟಿಗೆಯ ಮೇಲಿನ ಹೊಗಳಿಕೆ ಎಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು: ತುದಿಯ ಆಕಾರ ಯಾವುದು?

ಯಾವುದನ್ನು ಆರಿಸುವುದು

ಕಡಿಮೆ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ಮೂವಿಂಗ್ ಮ್ಯಾಗ್ನೆಟ್ ಬಗೆ, ಅಂದರೆ ಎಂಎಂ. ವಜ್ರದ ತುದಿ ಒಂದು ಸಣ್ಣ ಕಡ್ಡಿಯ ಕೊನೆಯಲ್ಲಿರುತ್ತದೆ. ಆ ಕಡ್ಡಿಗೆ ಕ್ಯಾಂಟಿಲಿವರ್ ಅಂತ ಹೆಸರು. ಅದರ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತ. ತುದಿ ಅಲುಗಿದರೆ ಅಯಸ್ಕಾಂತ ಅಲುಗುತ್ತದೆ, ಪಕ್ಕದ ಕಾಯಿಲ್‌ಗಳಲ್ಲಿ 3ರಿಂದ 6 ಮಿಲಿವೋಲ್ಟ್‌ನಷ್ಟು ವಿದ್ಯುತ್ ಹುಟ್ಟುತ್ತದೆ. ಎಂಎಂ ಬಗೆಯ ದೊಡ್ಡ ಅನುಕೂಲ ಏನೆಂದರೆ, ಹೆಚ್ಚಿನವುಗಳಲ್ಲಿ ಸ್ಟೈಲಸ್ ಸವೆದರೆ ಅದನ್ನಷ್ಟೇ ಎಳೆದು ಹೊಸದು ಸಿಕ್ಕಿಸಬಹುದು. ಮೈ ಹಾಗೇ ಇರುತ್ತದೆ.

ಆಡಿಯೊ-ಟೆಕ್ನಿಕಾದ ವಿಎಂ95 ಸಾಲನ್ನು ಇದಕ್ಕಾಗಿಯೇ ನಾನು ಹೊಸಬರಿಗೆ ಮೊದಲು ಹೇಳುವುದು. ಕೋನಿಕಲ್, ಎಲಿಪ್ಟಿಕಲ್, ಮೈಕ್ರೋಲೀನಿಯರ್, ಶಿಬಾಟಾ ಎಲ್ಲ ಸ್ಟೈಲಸ್‌ಗಳೂ ಒಂದೇ ಮೈಗೆ ಕೂರುತ್ತವೆ. ಇವತ್ತು ವಿಎಂ95ಇ, ಅಂದರೆ ಎಲಿಪ್ಟಿಕಲ್, ಕೊಂಡು ಕಲಿಯಿರಿ. ಅದು ಸವೆದಾಗ ಬೇಕಿದ್ದರೆ ಮೈಕ್ರೋಲೀನಿಯರ್ ಸಿಕ್ಕಿಸಿ. ಆರ್ಟೊಫಾನ್ 2ಎಂ ರೆಡ್ ಕೂಡ ಹೀಗೇ. ಅದರ ಮೈಗೆ 2ಎಂ ಬ್ಲೂ ಸ್ಟೈಲಸ್ ಕೂರುತ್ತದೆ. ನಾಗಾವೊಕಾ ಎಂಪಿ-110 ಕೂಡ ಒಳ್ಳೆಯ ಹೆಸರಿರುವ ಎಲಿಪ್ಟಿಕಲ್.

ಹಾಗಂತ ಕೋನಿಕಲ್ ದಂಡ ಅಲ್ಲ. ಎಟಿ3600ಎಲ್ ತುಂಬಾ ಅಗ್ಗದ ಕಾರ್ಟ್ರಿಜ್, 3 ಗ್ರಾಂ ಆಸುಪಾಸಿನ ಭಾರದಲ್ಲಿ ಓಡುತ್ತದೆ. ಕೂರಿಸುವಾಗ ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ತುದಿ ಎಷ್ಟು ಚೂಪೋ ಕೂರಿಸುವ ಕೆಲಸವೂ ಅಷ್ಟು ನಾಜೂಕು, ಇದನ್ನು ಮರೆಯಬೇಡಿ. ಪ್ರೊಟ್ರಾಕ್ಟರ್, ಅಂದರೆ ಕಾರ್ಟ್ರಿಜ್ ನೇರ ಇದೆಯಾ ಅಂತ ನೋಡುವ ಗೆರೆಗಳ ಕಾಗದ, ಕೈಯಲ್ಲಿ ಹಿಡಿಯದೆ ಶಿಬಾಟಾ ಕೊಂಡರೆ ದುಡ್ಡು ದಂಡ.

ಕೊಳ್ಳುವ ಮೊದಲು ನಿಮ್ಮ ಟರ್ನ್‌ಟೇಬಲ್ ಅನ್ನು ಒಮ್ಮೆ ಬಗ್ಗಿ ನೋಡಿ. ಆರ್ಮ್ ಹಿಂದೆ ತಿರುಗಿಸುವ ಕೌಂಟರ್‌ವೇಟ್, ಅಂದರೆ ಭಾರ ತೂಗಿಸುವ ಗುಂಡು, ಇದೆಯಾ? ಹೆಡ್‌ಶೆಲ್‌ನಲ್ಲಿ, ಅಂದರೆ ಕಾರ್ಟ್ರಿಜ್ ಕೂರುವ ಆರ್ಮ್ ತುದಿಯಲ್ಲಿ, ಎರಡು ಸ್ಕ್ರೂ ಇದೆಯಾ? ಎರಡು ಸ್ಕ್ರೂಗಳ ನಡುವೆ 12.7 ಮಿ.ಮೀ. ಇದ್ದರೆ ಅದು ಎಲ್ಲರೂ ಬಳಸುವ ಅರ್ಧ ಇಂಚಿನ ಅಳತೆ, ಚಿಂತೆಯಿಲ್ಲ. ಪಿ-ಮೌಂಟ್, ಅಂದರೆ ಕಾರ್ಟ್ರಿಜ್ ಅನ್ನು ಪ್ಲಗ್‌ನಂತೆ ನೇರ ಆರ್ಮ್‌ಗೆ ಸಿಕ್ಕಿಸುವ ಬಗೆ, ಆಗಿದ್ದರೆ ಅದಕ್ಕೇ ಮಾಡಿದ ಕಾರ್ಟ್ರಿಜ್ ಬೇಕು. ಕೆಲವು ಚಿಕ್ಕ ಟರ್ನ್‌ಟೇಬಲ್‌ಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ, ಆರ್ಮ್ ಭಾರ ಬದಲಿಸಲು ಬರುವುದಿಲ್ಲ. ಅಲ್ಲಿ ಎಂಎಂ ಹಾಕಲು ಹೋಗಬೇಡಿ. ಹೊಸ ಸ್ಟೈಲಸ್ ಹಾಕಿಕೊಂಡು ಸುಮ್ನೆ ಹಾಡು ಕೇಳಿ.

ಆರ್ಮ್‌ಗೂ ಕಾರ್ಟ್ರಿಜ್‌ಗೂ ಹೊಂದಿಕೆ

ಕ್ಯಾಂಟಿಲಿವರ್ ಒಂದು ಸ್ಪ್ರಿಂಗ್ ಇದ್ದ ಹಾಗೆ. ಅದರ ಮೇಲೆ ಆರ್ಮ್ ಮತ್ತು ಕಾರ್ಟ್ರಿಜ್ ಭಾರ ಕೂತಿದೆ. ಎಲ್ಲ ಸ್ಪ್ರಿಂಗ್‌ಗಳಂತೆ ಇದಕ್ಕೂ ತನ್ನದೇ ಒಂದು ಕುಣಿತದ ವೇಗ ಇರುತ್ತದೆ. ಅದು 8ರಿಂದ 12 ಹರ್ಟ್ಜ್ ನಡುವೆ ಬಿದ್ದರೆ ಒಳ್ಳೆಯದು. ಅದಕ್ಕಿಂತ ತುಂಬಾ ಕಡಿಮೆಯಾದರೆ ಸೊಟ್ಟಗಿರುವ ರೆಕಾರ್ಡಿನ ಏರಿಳಿತಕ್ಕೆ ಆರ್ಮ್ ಕುಣಿಯುತ್ತದೆ. ಜಾಸ್ತಿಯಾದರೆ ಸಂಗೀತದ ಮಂದ್ರ ಸ್ವರಗಳಿಗೇ ತೊಂದರೆ.

ಸೂತ್ರ ಸುಲಭ: 159 ÷ √(ಒಟ್ಟು ಭಾರ × ಕಂಪ್ಲಯನ್ಸ್). ಕಂಪ್ಲಯನ್ಸ್ ಅಂದರೆ ಸ್ಪ್ರಿಂಗ್ ಎಷ್ಟು ಮೆತ್ತಗಿದೆ ಅನ್ನುವುದು. ಆರ್ಮ್‌ನ ಎಫೆಕ್ಟಿವ್ ಮಾಸ್ (ಸೂಜಿಗೆ ತಟ್ಟುವ ಆರ್ಮ್‌ನ ಭಾರ) 12 ಗ್ರಾಂ, 2ಎಂ ರೆಡ್ 7.2 ಗ್ರಾಂ, ಸ್ಕ್ರೂಗಳು ಸುಮಾರು 1 ಗ್ರಾಂ ಅಂತ ಇಟ್ಟುಕೊಳ್ಳಿ. ಒಟ್ಟು 20.2. ಕಂಪ್ಲಯನ್ಸ್ 20. ಗುಣಿಸಿದರೆ 404, ವರ್ಗಮೂಲ 20.1, ಉತ್ತರ 7.9 ಹರ್ಟ್ಜ್. ಅಂಚಿನಲ್ಲಿದೆ, ಆದರೆ ನಡೆಯುತ್ತದೆ. ವಿಎಂ95ಇಗೆ ಇದೇ ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. ಜಪಾನಿನ ಕಂಪನಿಗಳು ಕಂಪ್ಲಯನ್ಸನ್ನು 100 ಹರ್ಟ್ಜ್‌ನಲ್ಲಿ ಅಳೆದು ಬರೆಯುತ್ತವೆ. ನಮಗೆ ಬೇಕಾದದ್ದು 10 ಹರ್ಟ್ಜ್‌ನ ಅಂಕಿ. ಅಂದಾಜಿಗೆ ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಕಾಗದದಲ್ಲಿ 7 ಇದ್ದರೆ ಸುಮಾರು 13 ಅಂತ ಹಿಡಿಯಿರಿ. ಕಾರ್ಟ್ರಿಜ್ 6.1 ಗ್ರಾಂ. ಆಗ ಉತ್ತರ 10 ಹರ್ಟ್ಜ್ ಆಸುಪಾಸು ಬರುತ್ತದೆ. ಪಟ್ಟು ಮಾಡದೆ ನೇರ 7 ಹಾಕಿದರೆ 14 ಬಂದು, ಈ ಕಾರ್ಟ್ರಿಜ್ ನಮಗಲ್ಲ ಅಂತ ಸುಮ್ನೆ ಬಿಟ್ಟುಬಿಡುತ್ತೀರಿ.

ವಿದ್ಯುತ್ತಿನ ಕಡೆಯ ಎರಡು ಮಾತು

ರೆಕಾರ್ಡ್ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುವುಮುರುವು ಮಾಡಬೇಕು. ಅದಕ್ಕೇ ಆರ್‌ಐಎಎ ತಿದ್ದುಪಡಿ ಇರುವ ಫೋನೊ ಪ್ರೀಆಂಪ್. ಅದಿಲ್ಲದೆ ನೇರ ಸ್ಪೀಕರ್ ಆಂಪ್ಲಿಫೈಯರ್‌ಗೆ ಹಾಕಿದರೆ ದನಿ ಬಡಕಲಾಗಿ, ದೂರದಿಂದ ಬಂದ ಹಾಗೆ ಕೇಳಿಸುತ್ತದೆ. ಟರ್ನ್‌ಟೇಬಲ್ ಒಳಗೂ ಒಂದು, ಹೊರಗೂ ಒಂದು ಪ್ರೀಆಂಪ್ ಸೇರಿದರೆ ದನಿ ಒಡೆಯುತ್ತದೆ. ಯಾವುದಾದರೂ ಒಂದೇ ಸಾಕು.

ಎಂಎಂಗೆ ಲೋಡ್, ಅಂದರೆ ಪ್ರೀಆಂಪ್ ಒಡ್ಡುವ ತಡೆ, 47 ಕಿಲೊಓಮ್ ಅನ್ನುವುದು ಎಲ್ಲ ಕಡೆ ಒಂದೇ. ಜನ ಗಮನಿಸದೆ ಬಿಡುವುದು ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಡುವ ಗುಣ. ವಿಎಂ95ಇ ಕೇಳುವುದು 100ರಿಂದ 200 ಪಿಕೊಫ್ಯಾರಡ್. ಕೇಬಲ್ ಮತ್ತು ಪ್ರೀಆಂಪ್ ಎರಡನ್ನೂ ಕೂಡಿಸಿದ ಮೊತ್ತ ಇದು. ಅದರ ಕಾಯಿಲ್‌ನ ಇಂಡಕ್ಟೆನ್ಸ್ 550 ಮಿಲಿಹೆನ್ರಿ. 200 ಪಿಕೊಫ್ಯಾರಡ್ ಜೊತೆ ಅದು 15,000 ಹರ್ಟ್ಜ್ ಹತ್ತಿರ ಅನುರಣಿಸುತ್ತದೆ. 400 ಆದರೆ ಅದು 10,700ಕ್ಕೆ ಇಳಿಯುತ್ತದೆ. ಅಂದರೆ ಕಿವಿಗೆ ಚೆನ್ನಾಗಿ ತಾಗುವ ಜಾಗಕ್ಕೇ. 'ಈ ಕಾರ್ಟ್ರಿಜ್ ತುಂಬಾ ಚುಚ್ಚುತ್ತದೆ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಉದ್ದದ ಕೇಬಲ್ ಇರುತ್ತದೆ.

ಕೂರಿಸುವುದು

ಈ ಕೆಲಸಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಒಳ್ಳೆಯ ಬೆಳಕು ಇರಲಿ. ಆಂಪ್ಲಿಫೈಯರ್ ಆಫ್ ಮಾಡಿ. ಆರ್ಮ್ ಅನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಅಥವಾ ಹೆಡ್‌ಶೆಲ್ ಕಳಚಿ ಬರುವಂಥದ್ದಾದರೆ ಕಳಚಿ ಮೇಜಿನ ಮೇಲಿಡಿ. ಸ್ಟೈಲಸ್ ಎಳೆದರೆ ಬರುವಂಥದ್ದಾದರೆ ತೆಗೆದು ಪಕ್ಕಕ್ಕಿಡಿ. ಒಳಗೆ ಅಯಸ್ಕಾಂತ ಇದೆಯಲ್ಲ, ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೆ ಪಟ್ಟನೆ ಸೆಳೆದುಕೊಂಡು ಕ್ಯಾಂಟಿಲಿವರ್ ಬಾಗಿಬಿಡಬಹುದು.

ಮೊದಲು ವೈರು. ಹೆಡ್‌ಶೆಲ್‌ನಿಂದ ನಾಲ್ಕು ಕೂದಲೆಳೆಯಂಥ ವೈರುಗಳು ಬರುತ್ತವೆ. ಬಿಳಿ ಎಡ ಚಾನೆಲ್, ನೀಲಿ ಅದರ ಗ್ರೌಂಡ್. ಕೆಂಪು ಬಲ ಚಾನೆಲ್, ಹಸಿರು ಅದರ ಗ್ರೌಂಡ್. ವೈರಿನ ತುದಿಯ ಲೋಹದ ಕೊಳವೆಯನ್ನು ಚಿಮುಟದಲ್ಲಿ ಹಿಡಿದು ನೇರವಾಗಿ ಪಿನ್ನಿಗೆ ತಳ್ಳಿ. ವೈರನ್ನು ಹಿಡಿದು ಎಳೆಯಬಾರದು, ಬೆಸುಗೆ ಬಿಟ್ಟುಬಿಡುತ್ತದೆ. ಕೊಳವೆ ಬಿಗಿಯಾದರೆ ಒಂದು ಹಲ್ಲುಕಡ್ಡಿಯ ತುದಿ ತೂರಿಸಿ ಸ್ವಲ್ಪ ಅಗಲ ಮಾಡಿ. ಸಡಿಲವಾದರೆ ಹಲ್ಲುಕಡ್ಡಿಯನ್ನು ಒಳಗೇ ಇಟ್ಟುಕೊಂಡು ಚಿಮುಟದಲ್ಲಿ ಮೆಲ್ಲಗೆ ಒತ್ತಿ, ಇಲ್ಲದಿದ್ದರೆ ಕೊಳವೆ ಚಪ್ಪಟೆಯಾಗುತ್ತದೆ. ಮೊದಲ ಸಲ ನನಗೆ ಎಡಗಡೆ ದನಿಯೇ ಬರಲಿಲ್ಲ. ಎರಡು ದಿನ ಪ್ರೀಆಂಪ್ ಮೇಲೆ ಅನುಮಾನ ಪಟ್ಟೆ. ನೋಡಿದರೆ ಬಿಳಿ ವೈರಿನ ಕೊಳವೆ ಪಿನ್ನಿಗೆ ಮುಕ್ಕಾಲು ಮಾತ್ರ ಹೋಗಿತ್ತು.

ಸ್ಕ್ರೂ ಎರಡನ್ನೂ ಕಾರ್ಟ್ರಿಜ್ ಸರಿದಾಡುವಷ್ಟು ಸಡಿಲ ಬಿಡಿ. ಸ್ಟೈಲಸ್ ಮತ್ತೆ ಸಿಕ್ಕಿಸಿ. ಆಂಟಿ-ಸ್ಕೇಟ್, ಅಂದರೆ ಆರ್ಮ್ ಒಳಕ್ಕೆ ಎಳೆದುಕೊಂಡು ಹೋಗದಂತೆ ತಡೆಯುವ ವ್ಯವಸ್ಥೆಯನ್ನು, ಸೊನ್ನೆಗೆ ತನ್ನಿ. ಸ್ಟೈಲಸ್ ಮುಚ್ಚಳ ತೆಗೆದು, ಆರ್ಮ್ ತಕ್ಕಡಿಯ ಹಾಗೆ ಅಡ್ಡಡ್ಡ ತೇಲುವವರೆಗೆ ಕೌಂಟರ್‌ವೇಟ್ ತಿರುಗಿಸಿ. ಈಗ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತಿರುಗಿಸಿ. ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ ಕಂಪನಿ ಹೇಳಿದ ಭಾರಕ್ಕೆ ತನ್ನಿ. ವಿಎಂ95ಇಗೆ 2.0 ಗ್ರಾಂ, 2ಎಂ ರೆಡ್‌ಗೆ 1.8. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ಖಾತ್ರಿ. ಸೂಜಿ ಕೂರುವ ಜಾಗ ರೆಕಾರ್ಡಿನ ಎತ್ತರದಲ್ಲೇ ಇರಬೇಕು, ಅಷ್ಟು ನೋಡಿಕೊಳ್ಳಿ.

ಭಾರ ಕಡಿಮೆ ಇಟ್ಟರೆ ರೆಕಾರ್ಡ್ ಬಾಳುತ್ತದೆ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಇದು ತಪ್ಪು. ಹಗುರವಾದ ಸೂಜಿ ಜೋರಾದ ಜಾಗದಲ್ಲಿ ಗೋಡೆ ಬಿಟ್ಟು ಜಿಗಿಯುತ್ತದೆ, ಮತ್ತೆ ಬಂದು ಬಡಿಯುತ್ತದೆ. ಆ ಪೆಟ್ಟು ಗ್ರೂವ್‌ನಲ್ಲಿ ಉಳಿದುಬಿಡುತ್ತದೆ. ಹೇಳಿದ ಮಿತಿಯೊಳಗೆ ಮೇಲಿನ ಅರ್ಧದಲ್ಲೇ ಇರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಆರ್ಮ್ ಒಂದು ಮೊಳೆಯ ಸುತ್ತ ತಿರುಗುತ್ತದೆ. ಆದ್ದರಿಂದ ಕಾರ್ಟ್ರಿಜ್ ಗ್ರೂವ್‌ಗೆ ಸರಿಯಾಗಿ ನೇರ ಇರುವುದು ಇಡೀ ಬದಿಯಲ್ಲಿ ಎರಡೇ ಜಾಗದಲ್ಲಿ. ಬೇರ್‌ವಾಲ್ಡ್ ಲೆಕ್ಕದ ಪ್ರಕಾರ ನಡುವಿನಿಂದ 66 ಮತ್ತು 121 ಮಿ.ಮೀ. ದೂರದಲ್ಲಿ. ಸ್ಟೀವನ್‌ಸನ್ ಲೆಕ್ಕದಲ್ಲಿ ಸುಮಾರು 60 ಮತ್ತು 117. ಸ್ಟೀವನ್‌ಸನ್ ಕೊನೆಯ ಹಾಡಿಗೇ ಒತ್ತು ಕೊಡುತ್ತಾನೆ, ಮಧ್ಯದಲ್ಲಿ ಸ್ವಲ್ಪ ಬಿಟ್ಟುಕೊಡುತ್ತಾನೆ. ಕಲಿಯುವಾಗ ಬೇರ್‌ವಾಲ್ಡ್ ಸಾಕು.

ಪ್ರೊಟ್ರಾಕ್ಟರ್ ಕಾಗದವನ್ನು ಅಳತೆ ಕೆಡದಂತೆ ಮುದ್ರಿಸಿ, ಸ್ಕೇಲಿನಿಂದ ಒಮ್ಮೆ ಅಳೆದು ನೋಡಿ. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಮೇಲೆ ಹಾಸಿ, ಅದು ತಿರುಗದಂತೆ ನೋಡಿಕೊಂಡು ಸೂಜಿಯನ್ನು ಹೊರಗಿನ ಬಿಂದುವಿನ ಮೇಲೆ ಇಳಿಸಿ. ಕಣ್ಣನ್ನು ಕಾರ್ಟ್ರಿಜ್ ಎದುರಿಗೇ ತನ್ನಿ. ಕ್ಯಾಂಟಿಲಿವರ್ ಅಲ್ಲಿನ ಗೆರೆಗಳಿಗೆ ಸಮನಾಗಿದೆಯಾ? ಮೈಯನ್ನು ನೋಡಿ ತೀರ್ಮಾನ ಮಾಡಬೇಡಿ, ಅಗ್ಗದ ಕಾರ್ಟ್ರಿಜ್‌ಗಳಲ್ಲಿ ಕ್ಯಾಂಟಿಲಿವರ್ ಮೈಗಿಂತ ಒಂಚೂರು ವಾರೆಯಾಗಿರಬಹುದು. ಆಮೇಲೆ ಒಳಗಿನ ಬಿಂದು. ಒಂದರಲ್ಲಿ ನೇರ, ಇನ್ನೊಂದರಲ್ಲಿ ಸೊಟ್ಟ ಬಂದರೆ ಕಾರ್ಟ್ರಿಜ್ ಮುಂದಕ್ಕೋ ಹಿಂದಕ್ಕೋ ಸರಿಯಬೇಕು ಅಂತ ಅರ್ಥ. ಅರ್ಧ ಮಿಲಿಮೀಟರ್ ಸರಿಸಿ ಮತ್ತೆ ನೋಡಿ. ನಾಲ್ಕೈದು ಸಲ ಹೋಗಿ ಬಂದ ಮೇಲೆ ಎರಡೂ ಕಡೆ ಒಪ್ಪುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಒಂದನ್ನೇ ಪೂರ್ತಿ ತಿರುಗಿಸಿದರೆ ಕಾರ್ಟ್ರಿಜ್ ಸರಿದುಬಿಡುತ್ತದೆ. ಅದಕ್ಕೆ ಇದನ್ನಷ್ಟು, ಅದನ್ನಷ್ಟು ಅಂತ ಕಾಲುಸುತ್ತು ತಿರುಗಿಸುತ್ತಾ ಹೋಗಿ. ಬಿಗಿಯಾದ ಮೇಲೆ ಇನ್ನೊಮ್ಮೆ ಎರಡೂ ಬಿಂದು ನೋಡಿ. ಭಾರವನ್ನೂ ಇನ್ನೊಮ್ಮೆ ನೋಡಿ, ಕಾರ್ಟ್ರಿಜ್ ಸರಿದರೆ ಅದೂ ಬದಲಾಗಿರುತ್ತದೆ.

ಆರ್ಮ್ ಎತ್ತರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಡು ಓಡುವಾಗ ಆರ್ಮ್ ರೆಕಾರ್ಡಿಗೆ ಸಮಾನಾಂತರ ಇದ್ದರೆ ಆಯಿತು. ಮಾಮೂಲಿ ಉದ್ದದ ಆರ್ಮ್‌ನಲ್ಲಿ 1 ಮಿ.ಮೀ. ಏರಿಸಿದರೆ ಸೂಜಿಯ ಕೋನ ಬದಲಾಗುವುದು ಕಾಲು ಡಿಗ್ರಿ ಮಾತ್ರ. ಎದುರಿನಿಂದ ನೋಡಿದಾಗ ಸೂಜಿ ನೆಟ್ಟಗೆ ನಿಂತಿರಲಿ, ಅಷ್ಟು ಸಾಕು.

ಕೇಳಿ ತಿದ್ದುವುದು

ಉಳಿದದ್ದು ಆಂಟಿ-ಸ್ಕೇಟ್. ತಿರುಗುವ ರೆಕಾರ್ಡ್ ಆರ್ಮ್ ಅನ್ನು ಒಳಕ್ಕೆ ಎಳೆಯುತ್ತದೆ. ಆಗ ಸೂಜಿ ಒಳಗೋಡೆಗೆ ಜಾಸ್ತಿ ಒತ್ತುತ್ತದೆ, ಹೊರಗೋಡೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಒಳಗೋಡೆಯಲ್ಲಿ ಎಡ ಚಾನೆಲ್, ಹೊರಗೋಡೆಯಲ್ಲಿ ಬಲ ಚಾನೆಲ್ ಇರುವುದು. ಮೊದಲು ಆಂಟಿ-ಸ್ಕೇಟ್ ಅಂಕಿಯನ್ನು ಭಾರದ ಅಂಕಿಗೆ ಸಮ ಮಾಡಿ. ಹೆಡ್‌ಫೋನ್ ಹಾಕಿಕೊಂಡು, ಗಟ್ಟಿ ದನಿ ಇರುವ ಒಂದು ಕೊನೆಯ ಹಾಡು ಹಾಕಿ. ಬಲಗಿವಿಯಲ್ಲಿ ಮೊದಲು ಸೀಳಿದರೆ ಆಂಟಿ-ಸ್ಕೇಟ್ ಸ್ವಲ್ಪ ಏರಿಸಿ. ಎಡಗಿವಿಯಲ್ಲಾದರೆ ಇಳಿಸಿ. ಗ್ರೂವ್ ಇಲ್ಲದ ನುಣುಪು ತಟ್ಟೆಯ ಮೇಲೆ ಸೂಜಿ ಬಿಟ್ಟು ನೋಡುವ ರೂಢಿಯೂ ಇದೆ. ಅಲ್ಲಿ ಸೂಜಿಯ ತುದಿಯಷ್ಟೇ ನೆಲ ಮುಟ್ಟುತ್ತದೆ, ಗೋಡೆಗಳ ಉಜ್ಜುವಿಕೆ ಇಲ್ಲವೇ ಇಲ್ಲ. ಹಾಗಾಗಿ ನಾನು ಅದನ್ನು ನಂಬುವುದಿಲ್ಲ.

ಎರಡೂ ಕಿವಿಯಲ್ಲಿ ಒಂದೇ ಸಮ ಸೀಳಿದರೆ? ಸೂಜಿಗೆ ಧೂಳಿನ ಉಂಡೆ ಅಂಟಿರಬಹುದು, ಮೊದಲು ಅದನ್ನು ನೋಡಿ. ಮೆತ್ತಗಿನ ಬ್ರಶ್ಶನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ, ಅಡ್ಡಡ್ಡ ಬೇಡ. ಆಮೇಲೆ ಪ್ರೊಟ್ರಾಕ್ಟರ್‌ಗೆ ವಾಪಸ್ ಹೋಗಿ. ಅದೂ ಸರಿ ಇದ್ದರೆ ಬೇರೆ ಎರಡು ಮೂರು ರೆಕಾರ್ಡ್ ಹಾಕಿ ನೋಡಿ. ಒಂದರಲ್ಲಿ ಮಾತ್ರ ಸೀಳಿದರೆ ಆ ಗ್ರೂವ್ ಹಿಂದೆ ಯಾರದೋ ಸವೆದ ಸೂಜಿಗೆ ಸಿಕ್ಕಿ ನೊಂದಿದೆ ಅಂತಲೇ ತಿಳಿಯಿರಿ.

ಇವತ್ತಿನ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಟರ್ನ್‌ಟೇಬಲ್ ಕೆಳಗೆ ಇಡಿ. ಆಡಿಯೊ-ಟೆಕ್ನಿಕಾ ಕೊಡುವ ಅಂದಾಜಿನಂತೆ ಎಲಿಪ್ಟಿಕಲ್ ತುದಿಯ ಆಯಸ್ಸು 300 ಗಂಟೆ, ಕೋನಿಕಲ್‌ನದು 500, ಮೈಕ್ರೋಲೀನಿಯರ್‌ನದು 1,000. 40 ನಿಮಿಷದ ಎಲ್‌ಪಿ ಲೆಕ್ಕದಲ್ಲಿ 300 ಗಂಟೆ ಅಂದರೆ 450 ಎಲ್‌ಪಿ. ದಿನಕ್ಕೊಂದು ಕೇಳಿದರೆ ಒಂದು ವರ್ಷ ಮೂರು ತಿಂಗಳು. ಪ್ರತಿ ಎಲ್‌ಪಿಗೆ ಚೀಟಿಯಲ್ಲಿ ಒಂದು ಗೀಟು ಹಾಕುತ್ತಾ ಬನ್ನಿ. 400 ದಾಟಿದ ಮೇಲೆ ಹೊಸ ಸ್ಟೈಲಸ್ ತರಿಸಿ ಇಟ್ಟುಕೊಳ್ಳಿ, ಕೊನೆಯ ಹಾಡನ್ನು ಇನ್ನೂ ಸ್ವಲ್ಪ ಹುಷಾರಾಗಿ ಕೇಳಲು ಶುರು ಮಾಡಿ.