ಸಾಪೇಕ್ಷ ಪಾಥ್: ಎಲ್ಲಿಂದ ಸಾಪೇಕ್ಷ?

ಪ್ರೋಗ್ರಾಮಿನಲ್ಲಿ ಬರೆದ ಸಾಪೇಕ್ಷ ಪಾಥ್ (ಪೂರ್ಣವಾಗಿ ಬರೆಯದೆ, ಯಾವುದೋ ಒಂದು ಫೋಲ್ಡರಿನಿಂದ ಎಣಿಸುವ ಕಡತದ ವಿಳಾಸ) ಆ ಪ್ರೋಗ್ರಾಮಿನ ಕಡತ ಇರುವ ಫೋಲ್ಡರಿನಿಂದ ಆರಂಭವಾಗುತ್ತದೆ ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪು. ಕಡತವನ್ನು ತೆರೆದುಕೊಡುವ ಆಪರೇಟಿಂಗ್ ಸಿಸ್ಟಮ್ಮಿಗೆ ನಮ್ಮ ಸೋರ್ಸ್ ಕೋಡ್ ಎಲ್ಲಿದೆ ಎಂಬುದರ ಗೊಡವೆಯೇ ಇಲ್ಲ. ಅದು ನೋಡುವುದು ಓಡುತ್ತಿರುವ ಪ್ರೊಸೆಸ್‌ನ ವರ್ಕಿಂಗ್ ಡೈರೆಕ್ಟರಿಯನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂ (ಅದೇ ಪ್ರೊಸೆಸ್) ಆ ಹೊತ್ತಿಗೆ ನಿಂತಿರುವ ಫೋಲ್ಡರನ್ನು, ಮಾತ್ರ. ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟ್, ನಿಗದಿತ ಸಮಯಕ್ಕೆ ಕೆಲಸಗಳನ್ನು ಓಡಿಸುವ ಕ್ರಾನ್ ಮೂಲಕ ಓಡಿಸಿದಾಗ ಕಡತವೇ ಇಲ್ಲವೆಂದು ನಿಂತುಬಿಡುವುದು ಹೆಚ್ಚಾಗಿ ಇದರಿಂದಲೇ, ಏಕೆಂದರೆ ಕ್ರಾನ್ ಸಾಮಾನ್ಯವಾಗಿ ಅದನ್ನು ಬಳಕೆದಾರರ ಹೋಮ್ ಡೈರೆಕ್ಟರಿಯಿಂದ ಆರಂಭಿಸುತ್ತದೆ.

ಈ ಡೈರೆಕ್ಟರಿ ಪ್ರತಿ ಪ್ರೊಸೆಸ್‌ಗೂ ಪ್ರತ್ಯೇಕ. ಹೊಸ ಪ್ರೊಸೆಸ್ ಅದನ್ನು ತನ್ನನ್ನು ಹುಟ್ಟಿಸಿದ ಪ್ರೊಸೆಸ್‌ನಿಂದ ಬಳುವಳಿಯಾಗಿ ಪಡೆಯುತ್ತದೆ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರೇ ಇದರಲ್ಲಿ ಒಮ್ಮೆ ಎಡವಿದ್ದರು. 1969ರಲ್ಲಿ ಪಿಡಿಪಿ-7 ಯಂತ್ರಕ್ಕಾಗಿ ರೂಪುಗೊಂಡ ಆ ವ್ಯವಸ್ಥೆಗೆ, ಪ್ರೊಸೆಸ್‌ನ ನಕಲು ಸೃಷ್ಟಿಸುವ ಫೋರ್ಕ್ ಸೌಲಭ್ಯ ಸೇರಿದ ಮೇಲೆ, ಡೈರೆಕ್ಟರಿ ಬದಲಿಸುವ ಆದೇಶ ಇದ್ದಕ್ಕಿದ್ದಂತೆ ನಿಷ್ಫಲವಾಯಿತೆಂದು ಅದನ್ನು ಕಟ್ಟಿದವರಲ್ಲೊಬ್ಬರಾದ ಡೆನ್ನಿಸ್ ರಿಚಿ ಬರೆದಿದ್ದಾರೆ. ಕೋಡಿನಲ್ಲಿ ದೋಷವಿರಲಿಲ್ಲ. ಬಳಕೆದಾರರು ಟೈಪಿಸಿದ ಆದೇಶಗಳನ್ನು ಓಡಿಸುವ ಶೆಲ್, ಆ ಆದೇಶವನ್ನು ಮರಿ ಪ್ರೊಸೆಸ್ ಒಂದರಲ್ಲಿ ಓಡಿಸುತ್ತಿತ್ತು. ಮರಿ ತನ್ನ ಡೈರೆಕ್ಟರಿಯನ್ನು ವಿಧೇಯವಾಗಿ ಬದಲಿಸಿಕೊಂಡು ಮುಗಿದುಹೋಗುತ್ತಿತ್ತು, ಶೆಲ್ ಮಾತ್ರ ಇದ್ದಲ್ಲೇ ಇರುತ್ತಿತ್ತು. ಡೈರೆಕ್ಟರಿ ಬದಲಿಸುವ ಸಿಡಿ (cd) ಆದೇಶವನ್ನು ಶೆಲ್ ಇಂದಿಗೂ ಸ್ವತಃ ನಿರ್ವಹಿಸಬೇಕಾಗಿರುವುದು ಈ ಕಾರಣಕ್ಕೆ.

ಇನ್ನೊಂದು ಸೊಗಸಿದೆ: ಯುನಿಕ್ಸ್ ಮಾದರಿಯ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ನೆನಪಿಟ್ಟುಕೊಳ್ಳುವುದು ಡೈರೆಕ್ಟರಿಯ ಹೆಸರನ್ನಲ್ಲ, ಆ ಡೈರೆಕ್ಟರಿಯನ್ನೇ. ಆದ್ದರಿಂದ ಪ್ರೋಗ್ರಾಂ ಓಡುತ್ತಿರುವಾಗ ಯಾರಾದರೂ ಆ ಡೈರೆಕ್ಟರಿಗೆ ಬೇರೆ ಹೆಸರಿಟ್ಟರೂ ಅದರೊಳಗಿನ ಕಡತಗಳಿಗೆ ಕೊಟ್ಟ ಸಾಪೇಕ್ಷ ಪಾಥ್‌ಗಳು ಎಂದಿನಂತೆ ನಡೆಯುತ್ತವೆ, ಪೂರ್ಣ ಪಾಥ್‌ಗಳು ಮುರಿಯುತ್ತವೆ.

ಗೊಂದಲಕ್ಕೆ ಭಾಷೆಗಳ ಕೊಡುಗೆಯೂ ಕಡಿಮೆಯೇನಿಲ್ಲ. ನೋಡ್ (Node.js) ಜಾವಾಸ್ಕ್ರಿಪ್ಟ್‌ನಲ್ಲಿ ಚುಕ್ಕಿಯಿಂದ ಆರಂಭವಾಗುವ ಮಾಡ್ಯೂಲಿನ (ಸೇರಿಸಿಕೊಳ್ಳುವ ಬೇರೊಂದು ಕೋಡ್ ಕಡತದ) ಪಾಥ್ ಅದನ್ನು ಬರೆದ ಕಡತಕ್ಕೆ ಸಾಪೇಕ್ಷ; ಅದೇ ಕಡತದ ಮುಂದಿನ ಸಾಲಿನಲ್ಲಿ ದತ್ತಾಂಶ ಓದಲು ಕೊಟ್ಟ ಪಾಥ್ ವರ್ಕಿಂಗ್ ಡೈರೆಕ್ಟರಿಗೆ ಸಾಪೇಕ್ಷ. ಅಕ್ಕಪಕ್ಕದ ಎರಡು ಸಾಲುಗಳಿಗೆ ಎರಡು ನಿಯಮ ಎಂದ ಮೇಲೆ ಕಲಿಯುವವರನ್ನು ದೂರುವುದು ನ್ಯಾಯವಲ್ಲ.

ಪ್ರೋಗ್ರಾಮಿನ ಆರಂಭದಲ್ಲೇ ಡೈರೆಕ್ಟರಿ ಬದಲಿಸಿಬಿಡಿ ಎಂಬ ಜನಪ್ರಿಯ ಸಲಹೆ ನನಗೆ ಒಪ್ಪಿಗೆಯಿಲ್ಲ: ಬಳಕೆದಾರರು ಆದೇಶದ ಜೊತೆ ಕೊಟ್ಟ ಸಾಪೇಕ್ಷ ಪಾಥ್‌ಗಳು ಆಗ ದಿಕ್ಕುತಪ್ಪುತ್ತವೆ; ಜೊತೆಗೆ, ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಾದ ಪ್ರೊಸೆಸ್‌ನ ಥ್ರೆಡ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ವರ್ಕಿಂಗ್ ಡೈರೆಕ್ಟರಿಯನ್ನು ಹಂಚಿಕೊಳ್ಳುವುದರಿಂದ, ಒಂದು ಥ್ರೆಡ್ ಮಾಡಿದ ಬದಲಾವಣೆ ಉಳಿದವುಗಳಿಗೂ ತಟ್ಟುತ್ತದೆ. ಪ್ರೋಗ್ರಾಮಿನ ಜೊತೆಗೇ ಬರುವ ಕಡತಗಳಿಗೆ, ಪೈಥಾನ್‌ನಲ್ಲಾದರೆ ಮಾಡ್ಯೂಲ್ ತನ್ನ ಕಡತದ ಸ್ಥಾನವನ್ನು ತಿಳಿಸುವ ವೇರಿಯಬಲ್‌ನಿಂದ ಫೋಲ್ಡರನ್ನು ಪಡೆದು, 2014ರ 3.4ನೇ ಆವೃತ್ತಿಯಲ್ಲಿ ಬಂದ, ಪಾಥ್‌ಗಳನ್ನು ನಿರ್ವಹಿಸುವ ಲೈಬ್ರರಿಯಾದ ಪಾಥ್‌ಲಿಬ್ ಬಳಸಿ ಉಳಿದ ಪಾಥ್ ಜೋಡಿಸಬಹುದು. ಬಳಕೆದಾರರು ಕೊಟ್ಟ ಪಾಥ್‌ಗಳನ್ನು ಅವರು ನಿಂತ ಡೈರೆಕ್ಟರಿಗೇ ಬಿಡಬೇಕು.